ಬಕೆಟ್ ಬಡಿದ ಸಿಸ್ಟರುಗಳು, ಚೆಂಡು ಹಿಡಿದ ಹುಡುಗಿಯರು

ಕಾನ್ವೆಂಟಿನ ಸಿಸ್ಟರುಗಳು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ತಲೆಗೆ ಮುಸುಕು, ಕೊರಳಲ್ಲಿ ಶಿಲುಬೆ, ಮೆಲುದನಿಯ ಮಾತು, ಗಲಾಟೆ ಮಾಡಿದ ಮಕ್ಕಳ ಕಡೆಗೆ ಒಂದೇ ಒಂದು ನೋಟ. ಅಷ್ಟೇ ಸಾಕು, ಇಡೀ ಕ್ಲಾಸು ಗಪ್‌ಚಿಪ್! ಅಂಥ ಸಿಸ್ಟರುಗಳೇ ಆಟದ ಅಂಗಳದ ಪಕ್ಕ ಸಾಲಾಗಿ ಕುಳಿತು, ತಗಡಿನ ಬಕೆಟ್ಟುಗಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ಕೋಲಿನಿಂದ ಧಡಧಡ ಬಾರಿಸುತ್ತಾ ತಮ್ಮ ಕಾಲೇಜಿನ ಹುಡುಗಿಯರನ್ನು ಹುರಿದುಂಬಿಸಿದರು ಎಂದರೆ ನಂಬುತ್ತೀರಾ? ನಂಬಲೇಬೇಕು. ಎದುರಾಳಿಗಳ ಕಿವಿ ಕಿವುಡಾಗುವ ಹಾಗೆ ಬಾರಿಸಿದ್ದಕ್ಕೆ ಕೊನೆಗೆ ರಾಷ್ಟ್ರೀಯ ಪಂದ್ಯಾವಳಿಯವರು 'ಬಕೆಟ್ಟು ಬೇಡ, ದಮ್ಮಯ್ಯ' ಎಂದು ನಿಷೇಧವನ್ನೇ ಹಾಕಬೇಕಾಯಿತು!

ಇದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ. ಕಾಲೇಜಿನ ಹೆಸರು ಇಮ್ಯಾಕುಲಾಟಾ. ನಮ್ಮ ಕರಾವಳಿಯ ಕ್ರೈಸ್ತ ಬಂಧುಗಳು 'ಅಮಲೋದ್ಭವ ಮಾತೆ' ಎನ್ನುತ್ತಾರಲ್ಲ, ಆ ಮಾತೆಯ ಹೆಸರೇ. 1920ರಲ್ಲಿ ಸಿಸ್ಟರುಗಳು ಕಟ್ಟಿದ ಹೆಣ್ಣುಮಕ್ಕಳ ಕಾಲೇಜು ಅದು. 1970ರ ಹೊತ್ತಿಗೆ ಅಲ್ಲಿ ಓದುತ್ತಿದ್ದವರು ಕೆಲವು ನೂರು ಹುಡುಗಿಯರು ಮಾತ್ರ. ಬಾಸ್ಕೆಟ್‌ಬಾಲ್ ತಂಡವೇನೋ ಇತ್ತು. ಆದರೆ ಇದ್ದೊಂದು ಆಟದ ಮನೆಯೂ 1967ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಆಮೇಲೆ ಅಭ್ಯಾಸ ನಡೆಯುತ್ತಿದ್ದದ್ದು ಸಿಸ್ಟರುಗಳ ಮಠದ ನೆಲಮಾಳಿಗೆಯಲ್ಲಿ. ಆಟದ ಮನೆಯಿಲ್ಲ, ದುಡ್ಡಿಲ್ಲ, ಹೆಸರಿಲ್ಲ. ಈ ತಂಡ ದೇಶಕ್ಕೇ ಮೊದಲನೆಯದಾಗುತ್ತದೆ ಎಂದು 1970ರಲ್ಲಿ ಯಾರಾದರೂ ಹೇಳಿದ್ದರೆ ಆ ಸಿಸ್ಟರುಗಳೇ ನಕ್ಕುಬಿಡುತ್ತಿದ್ದರೇನೋ.

ಬುಟ್ಟಿಯ ಆಟ, ಗೆರೆಯ ಕಟ್ಟು

ಆಟದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಗ ಅಥವಾ ಮಗಳು ಆಡುವವರಿದ್ದರೆ ನಿಮಗೆ ಗೊತ್ತೇ ಇರುತ್ತದೆ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಹೊರಗೆ ಚಳಿ, ಹಿಮ. ಒಳಗೇ ಆಡುವ ಆಟವೊಂದು ಬೇಕು ಎಂದು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಹಣ್ಣಿನ ಬುಟ್ಟಿಗಳನ್ನು ಮೇಲೆ ಹೊಡೆಸಿ, ಅದರೊಳಗೆ ಚೆಂಡು ಹಾಕಿ ಎಂದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ, ಬಲೆ ಬಂದರೂ ಹತ್ತಡಿ ಎತ್ತರ ಮಾತ್ರ ಇಂದಿಗೂ ಹಾಗೇ ಇದೆ.

ಈ ಆಟ ಹೆಣ್ಣುಮಕ್ಕಳ ಕೈಗೆ ಬರಲು ಬಹಳ ದಿನ ಹಿಡಿಯಲಿಲ್ಲ. ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಸೆಂಡಾ ಬೆರೆನ್ಸನ್ ಎಂಬಾಕೆ ತಮ್ಮ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದರು. 1893ರ ಮಾರ್ಚಿಯಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ. ಗಂಡಸರಿಗೆ ಪ್ರವೇಶವಿಲ್ಲ! ಆದರೆ ಹುಡುಗಿಯರು ಓಡಿ ಓಡಿ ಸುಸ್ತಾದಾರು, ಮೈಮೇಲೆ ಬಿದ್ದಾಡಿ ನಯ ಕಳೆದುಕೊಂಡಾರು ಎಂಬ ಭಯ ಆ ಕಾಲಕ್ಕೆ ಇತ್ತು ನೋಡಿ. ಅದಕ್ಕೇ ಅಂಗಳವನ್ನು ಗೆರೆ ಹಾಕಿ ಮೂರು ಪಾಲು ಮಾಡಿದರು. ಅವರವರ ಪಾಲಿನಲ್ಲಿ ಅವರವರು ಇರಬೇಕು, ಗೆರೆ ದಾಟುವ ಹಾಗಿಲ್ಲ. ಚೆಂಡನ್ನು ಮೂರು ಸಲಕ್ಕಿಂತ ಹೆಚ್ಚು ಪುಟಿಸುವ ಹಾಗಿಲ್ಲ. ಎದುರಾಳಿಯ ಕೈಯಿಂದ ಕಿತ್ತುಕೊಳ್ಳುವ ಹಾಗಿಲ್ಲ. ಲಕ್ಷ್ಮಣರೇಖೆ ನಮ್ಮಲ್ಲಿ ಮಾತ್ರ ಅಂದುಕೊಂಡಿರಾ?

ಕಾಲಕಾಲಕ್ಕೆ ಈ ಕಟ್ಟು ಅಲ್ಪಸ್ವಲ್ಪ ಸಡಿಲವಾಯಿತು. ಆದರೂ ಹುಡುಗಿಯರು ಗಂಡುಹುಡುಗರ ಹಾಗೆಯೇ ಐದೈದು ಜನ, ಇಡೀ ಅಂಗಳದ ತುಂಬ ಓಡಿ ಆಡಬಹುದು ಎಂಬ ನಿಯಮ ಕಾಲೇಜುಗಳಲ್ಲಿ ಕಾಯಮ್ಮಾಗಿ ಬಂದದ್ದು 1971ರಲ್ಲಿ. ಲೆಕ್ಕ ಹಾಕಿ, ಸುಮಾರು ಎಂಬತ್ತು ವರ್ಷ! ಇಮ್ಯಾಕುಲಾಟಾದ ಅದೃಷ್ಟ ತೆರೆದದ್ದು ಇದೇ ಹೊತ್ತಿಗೆ.

ವರ್ಷಕ್ಕೆ 450 ಡಾಲರ್

1970ರಲ್ಲಿ ಈ ತಂಡಕ್ಕೆ ಕೋಚ್ ಆಗಿ ಬಂದವರು ಕ್ಯಾಥಿ ರಷ್. ವಯಸ್ಸು ಇಪ್ಪತ್ತಮೂರು. ಗಂಡ ಎಡ್ ರಷ್ ವೃತ್ತಿಪರ ಬಾಸ್ಕೆಟ್‌ಬಾಲಿನಲ್ಲಿ ರೆಫರಿ, ಸೀಸನ್ನು ಬಂತೆಂದರೆ ಸದಾ ಊರೂರು ತಿರುಗಾಟ. ಕಾಲೇಜು ಇವರಿಗೆ ಕೊಟ್ಟ ಸಂಬಳ ಇಡೀ ವರ್ಷದ ಸೀಸನ್ನಿಗೆ 450 ಡಾಲರ್. ಆ ದೇಶದ ಲೆಕ್ಕದಲ್ಲಿ ಅದು ಗೌರವಧನವೂ ಅಲ್ಲ, ಬಸ್‌ಚಾರ್ಜು ಅನ್ನಬಹುದು. ಆದರೆ ಈಕೆಗೆ ಒಂದು ಅನುಕೂಲವಿತ್ತು. ಗಂಡಸರ ಆಟವನ್ನು ಹತ್ತಿರದಿಂದ ನೋಡಿದ್ದರು. ಗೆರೆ ದಾಟುವ ಸ್ವಾತಂತ್ರ್ಯ ಬಂದ ಕೂಡಲೇ ಮಿಕ್ಕ ಕಾಲೇಜುಗಳವರು ಇನ್ನೂ ಹಳೆಯ ನಿಧಾನದ ಆಟದಲ್ಲಿದ್ದಾಗ, ರಷ್ ತಮ್ಮ ಹುಡುಗಿಯರಿಗೆ ಓಡುವುದನ್ನು ಕಲಿಸಿದರು. ಚೆಂಡು ಸಿಕ್ಕಿತೋ, ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಬುಟ್ಟಿಯ ಬುಡಕ್ಕೆ ಹೋಗಿಬಿಡಬೇಕು. ಚೆಂಡು ಕಳೆಯಿತೋ, ಇಡೀ ಅಂಗಳದ ತುಂಬ ಬೆನ್ನು ಹತ್ತಿ ಕಾಡಬೇಕು.

ಹುಡುಗಿಯರೋ, ಬಹುಪಾಲು ಫಿಲಡೆಲ್ಫಿಯಾ ಸುತ್ತಮುತ್ತಲಿನ ಸಾಧಾರಣ ಮನೆಗಳವರು. ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಬಹಳ ಜೋರು. ಗಂಡುಮಕ್ಕಳ ಜೊತೆ ಬೀದಿಯಲ್ಲಿ ಆಡಿ ಬೆಳೆದವರೂ ಇದ್ದರು. ತಂಡದ ಆಧಾರಸ್ತಂಭ ತೆರೆಸಾ ಶಾಂಕ್ ಎಂಬ ಎತ್ತರದ ಹುಡುಗಿ. ಈಕೆ ಬೇರೆ ರಾಜ್ಯದ ಕಾಲೇಜಿಗೆ ಸೇರಬೇಕೆಂದಿದ್ದಳು. ಅಷ್ಟರಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲವೂ ಹೋಯಿತು. ಇಂಥ ಹೊತ್ತಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ದೂರ ಹೋಗುವುದು ಹೇಗೆ? ಮನೆಯಿಂದಲೇ ಓಡಾಡಿಕೊಂಡು ಓದಬಹುದಾದ ಇಮ್ಯಾಕುಲಾಟಾಕ್ಕೆ ಸೇರಿದಳು. ಮನೆ ಸುಟ್ಟ ಹುಡುಗಿ, ಆಟದ ಮನೆ ಸುಟ್ಟ ಕಾಲೇಜು. ವಿಧಿ ಜೋಡಿಸುವ ಜೋಡಿಗಳು ಹೇಗಿರುತ್ತವೆ ನೋಡಿ.

ಉಡುಪಿನ ಬಗ್ಗೆ ಹೇಳದಿದ್ದರೆ ಹೇಗೆ? ಈಗಿನ ಆಟಗಾರ್ತಿಯರ ಹಗುರ ಬನಿಯನ್ನು, ಚಡ್ಡಿಯಲ್ಲ. ಉಣ್ಣೆಯ ನೀಲಿ ಟ್ಯೂನಿಕ್, ಅದಕ್ಕೆ ಅಗಲಗಲ ನೆರಿಗೆ, ಒಳಗೆ ಕಾಲರಿನ ಬ್ಲೌಸು, ಕೆಳಗೆ ಚಡ್ಡಿ. ಆ ಉಣ್ಣೆ ಬಟ್ಟೆಯಲ್ಲಿ ನಲವತ್ತು ನಿಮಿಷ ಓಡಿದರೆ ಬೆವರು ಹೇಗೆ ಹರಿದೀತು ಅಂತ ನೀವೇ ಊಹಿಸಿ. ಪ್ರತಿಯೊಬ್ಬಳಿಗೂ ಅದೂ ಒಂದೇ ಒಂದು ಜೊತೆ.

ಪಕ್ಕದ ಮನೆಯ ಜಿದ್ದು

ಯಾವ ತಂಡಕ್ಕೂ ಒಬ್ಬ ತಕ್ಕ ಎದುರಾಳಿ ಬೇಕು. ಇಮ್ಯಾಕುಲಾಟಾಕ್ಕೆ ಆ ಎದುರಾಳಿ ದೂರದಲ್ಲೇನೂ ಇರಲಿಲ್ಲ. ಕೆಲವೇ ಮೈಲಿ ಆಚೆ, ಅದೇ ಜಿಲ್ಲೆಯಲ್ಲಿ, ವೆಸ್ಟ್ ಚೆಸ್ಟರ್ ಎಂಬ ಸರ್ಕಾರಿ ಕಾಲೇಜು. ಟೀಚರುಗಳನ್ನು, ಅದರಲ್ಲೂ ವ್ಯಾಯಾಮದ ಟೀಚರುಗಳನ್ನು ತಯಾರು ಮಾಡುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಅಲ್ಲಿನ ಹುಡುಗಿಯರಿಗೆ ಆಟ ಅಂದರೆ ಪಾಠವೇ. ಇನ್ನೊಂದು ಸ್ವಾರಸ್ಯ ಕೇಳಿ, ಕ್ಯಾಥಿ ರಷ್ ಓದಿದ್ದೂ ಅಲ್ಲೇ! 1968ರಲ್ಲಿ ಪದವಿ ಪಡೆದು ಹೊರಬಂದವರು ಎರಡೇ ವರ್ಷಕ್ಕೆ ಪಕ್ಕದ ಕಾಲೇಜಿನ ಕಡೆಯಿಂದ ತಮ್ಮ ತವರಿನ ವಿರುದ್ಧವೇ ನಿಂತರು.

ವೆಸ್ಟ್ ಚೆಸ್ಟರಿನ ಕೋಚ್ ಕ್ಯಾರೊಲ್ ಎಕ್‌ಮನ್. ಇಂದು ಅಮೆರಿಕದಲ್ಲಿ ಕಾಲೇಜು ಹುಡುಗಿಯರಿಗೆ ರಾಷ್ಟ್ರೀಯ ಪಂದ್ಯಾವಳಿ ಎಂಬುದೊಂದಿದ್ದರೆ ಅದರ ಮೂಲಪುರುಷ, ಅಲ್ಲ, ಮೂಲಮಾತೆ ಈಕೆಯೇ. ಗಂಡುಹುಡುಗರಿಗೆ 1939ರಿಂದಲೂ ಇದ್ದ ರಾಷ್ಟ್ರೀಯ ಪಂದ್ಯಾವಳಿ ಹುಡುಗಿಯರಿಗೇಕಿಲ್ಲ ಎಂದು 1969ರಲ್ಲಿ ತಮ್ಮ ಕಾಲೇಜಿಗೇ ದೇಶದ ನಾನಾ ಕಡೆಯ ತಂಡಗಳನ್ನು ಕರೆಸಿದರು. ಗೆದ್ದವರೂ ಅವರ ಹುಡುಗಿಯರೇ. ಆ ದಾರಿಯಲ್ಲಿ ಮುಂದುವರಿದು 1972ರಲ್ಲಿ, ಹೆಣ್ಣುಮಕ್ಕಳ ಕ್ರೀಡೆಗೆಂದೇ ಆಗತಾನೇ ಹುಟ್ಟಿದ್ದ ಒಂದು ರಾಷ್ಟ್ರೀಯ ಸಂಘ ತನ್ನ ಮೊದಲ ಪಂದ್ಯಾವಳಿಯನ್ನು ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ ಇಟ್ಟುಕೊಂಡಿತು. ಹದಿನಾರು ತಂಡಗಳಿಗೆ ಮಾತ್ರ ಅವಕಾಶ.

ಅಲ್ಲಿಗೆ ಹೋಗಲು ಮೊದಲು ತಮ್ಮ ವಲಯದಲ್ಲಿ ಗೆಲ್ಲಬೇಕಲ್ಲ? ಇಮ್ಯಾಕುಲಾಟಾ ಆ ವರ್ಷ ಒಂದೂ ಸೋಲದೆ ಬಂದಿತ್ತು. ವಲಯದ ಕೊನೆಯ ಪಂದ್ಯಕ್ಕೆ ಎದುರಾದದ್ದು ವೆಸ್ಟ್ ಚೆಸ್ಟರ್. ಅಯ್ಯೋ ಪಾಪ, 70-38! ಮೂವತ್ತೆರಡು ಪಾಯಿಂಟಿನ ಸೋಲು. ಬಾಸ್ಕೆಟ್‌ಬಾಲಿನಲ್ಲಿ ಇದು ಸೋಲಲ್ಲ, ಮುಖಭಂಗ. ಆದರೂ ಅಂತಿಮಕ್ಕೆ ಬಂದ ಎರಡೂ ತಂಡಗಳಿಗೆ ನಾರ್ಮಲ್‌ಗೆ ಹೋಗುವ ಅವಕಾಶವಿತ್ತು. ಹೋಗಬೇಕೋ ಬೇಡವೋ? ಹೋಗಬೇಕೆಂದರೆ ಕಾಸೆಲ್ಲಿದೆ?

ಹುಡುಗಿಯರು ಟೂತ್‌ಬ್ರಷ್ ಮಾರಿದರು. ಹೌದು, ಹಲ್ಲುಜ್ಜುವ ಬ್ರಷ್ಷೇ. ಹಾಗೂ ಹೀಗೂ ಕೂಡಿಸಿದ ದುಡ್ಡು ತಂಡದ ಎಲ್ಲರಿಗೂ ಸಾಲಲಿಲ್ಲ. ಎಂಟೇ ಜನ ಹೊರಟರು. ಉಳಿದವರ ಮನಸ್ಸು ಹೇಗಿದ್ದಿರಬೇಕು ಪಾಪ. ವಿಮಾನದಲ್ಲೂ ಖಾತ್ರಿ ಟಿಕೆಟ್ಟಲ್ಲ, ಸೀಟು ಖಾಲಿ ಉಳಿದರೆ ಮಾತ್ರ ಹತ್ತಿಸಿಕೊಳ್ಳುವ ಅಗ್ಗದ ಟಿಕೆಟ್ಟು. ನಾರ್ಮಲ್‌ಗೆ ಮುಟ್ಟಿದರೆ ಅಲ್ಲಿ ತಂಡಗಳನ್ನು ಬಲಾಬಲ ನೋಡಿ ಸಾಲಾಗಿ ಬರೆದಿದ್ದರು. ಮೊದಲ ಸ್ಥಾನ ವೆಸ್ಟ್ ಚೆಸ್ಟರಿಗೆ. ಇಮ್ಯಾಕುಲಾಟಾ ಹದಿನಾರರಲ್ಲಿ ಹದಿನೈದನೆಯದು.

ಮೊದಲ ಪಂದ್ಯ ಗೆದ್ದರು. ರಾತ್ರಿ ಹೋಟೆಲಿನ ಕೈತೊಳೆಯುವ ತೊಟ್ಟಿಯಲ್ಲಿ ಆ ಒಂದೇ ಜೊತೆ ಉಡುಪನ್ನು ಒಗೆದರು. ಉಣ್ಣೆ ಬಟ್ಟೆ ರಾತ್ರಿ ಒಗೆದು ಬೆಳಿಗ್ಗೆಗೆ ಒಣಗಿಸುವುದೆಂದರೆ ಏನು ಪಾಡು ಅಂತ ನನಗೂ ನಿಮಗೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದೂ ಗೆದ್ದರು. ಮೂರನೆಯದರಲ್ಲಿ ಮಿಸಿಸಿಪ್ಪಿಯ ಒಂದು ಮಹಿಳಾ ಕಾಲೇಜಿನ ಮೇಲೆ ಮೂರೇ ಪಾಯಿಂಟಿನಲ್ಲಿ ಗೆದ್ದು ಉಸಿರು ಬಿಟ್ಟರು. ಅಂತಿಮ ಪಂದ್ಯಕ್ಕೆ ಮತ್ತೆ ಯಾರು? ಇನ್ಯಾರು, ಪಕ್ಕದ ಮನೆಯವರೇ!

ಕೆಲವೇ ದಿನಗಳ ಹಿಂದೆ ಮೂವತ್ತೆರಡು ಪಾಯಿಂಟಿನಲ್ಲಿ ಮಣ್ಣು ಮುಕ್ಕಿಸಿದವರು. ಎಂಟು ಹುಡುಗಿಯರು, ನಾಲ್ಕನೇ ಪಂದ್ಯ, ಒಗೆದೊಗೆದು ಕುಗ್ಗಿದ ಬಟ್ಟೆ. 1972ರ ಮಾರ್ಚಿ 19ರಂದು ಅಂಕಪಟ್ಟಿ ತೋರಿಸಿದ್ದು ಇಮ್ಯಾಕುಲಾಟಾ 52, ವೆಸ್ಟ್ ಚೆಸ್ಟರ್ 48.

ಇವರು ಊರಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಜನ ತುಂಬಿಹೋಗಿದ್ದರು. ಹುಡುಗಿಯರಿಗೇ ದಿಗ್ಭ್ರಮೆ. ನನಗೆ ಮಾತ್ರ ಇಲ್ಲಿ ಕ್ಯಾರೊಲ್ ಎಕ್‌ಮನ್ ನೆನಪಾಗುತ್ತಾರೆ. ತಾವೇ ಚಪ್ಪರ ಹಾಕಿ, ತಾವೇ ಊಟಕ್ಕೆ ಕರೆದು, ಕೊನೆಗೆ ಮಾಲೆ ಪಕ್ಕದ ಮನೆಯವರ ಕೊರಳಿಗೆ ಬಿದ್ದದ್ದನ್ನು ನೋಡಿದ ಹೆಂಗಸು. 1985ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಲಿನ ಕೋಚ್‌ಗಳ ಸಂಘ ಒಳ್ಳೆಯ ನಡತೆಗೆ, ಧೈರ್ಯಕ್ಕೆ ಕೊಡುವ ಪ್ರಶಸ್ತಿಯೊಂದಕ್ಕೆ ಆಕೆಯ ಹೆಸರಿಟ್ಟಿದೆ.

ಇನ್ನು ಬಕೆಟ್ಟಿನ ಕಥೆ. ತಂಡದ ಒಬ್ಬ ಹುಡುಗಿಯ ತಂದೆಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಬರಿಗೈಯಲ್ಲಿ ಚಪ್ಪಾಳೆ ತಟ್ಟಿದರೆ ಏನು ಕೇಳಿಸೀತು ಎಂದು ಆ ಮಹಾನುಭಾವ ಅಂಗಡಿಯಿಂದ ಬಕೆಟ್ಟು, ಕೋಲುಗಳನ್ನು ತಂದು ಹಂಚಿದರು. ಸಿಸ್ಟರುಗಳಿಗೆ ಅಷ್ಟೇ ಬೇಕಾಗಿತ್ತು! ಮೈದಾನದ ತುಂಬ ನಗಾರಿ. ವಯಸ್ಸಾಗಿ ಹಾಸಿಗೆ ಹಿಡಿದಿದ್ದ ಸಿಸ್ಟರುಗಳು ವಿಶ್ರಾಂತಿಧಾಮದಲ್ಲಿ ರೇಡಿಯೋ ಪಕ್ಕ ಕುಳಿತು ಪ್ರಾರ್ಥನೆ ಮಾಡುತ್ತಿದ್ದರಂತೆ. ಎದುರಾಳಿಗಳಿಗೆ ಇದೊಂದು ಗೋಳು. ಹುಡುಗಿಯರನ್ನಾದರೂ ತಡೆಯಬಹುದು, ಈ ಸಿಸ್ಟರುಗಳ ಪ್ರಾರ್ಥನೆಯನ್ನು ತಡೆಯುವುದು ಹೇಗೆ!

ಮೂರು ವರ್ಷದ ರಾಜ್ಯಭಾರ

1973ರಲ್ಲಿ ಒಂದೂ ಸೋಲಿಲ್ಲದೆ ಮತ್ತೆ ಚಾಂಪಿಯನ್. ಈ ಸಲ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜನ್ನು ಅವರ ಮನೆಯಂಗಳದಲ್ಲೇ ಸೋಲಿಸಿದರು. 1974ರಲ್ಲಿ ಮೂರನೆಯ ಸಲ. ಅಲ್ಲಿಂದಾಚೆಗೆ ಕ್ವೀನ್ಸ್ ಜೊತೆ ಹೊಸ ಜಿದ್ದು ಬೆಳೆಯಿತು. ಎಷ್ಟರ ಮಟ್ಟಿಗೆಂದರೆ 1975ರ ಫೆಬ್ರವರಿ 22ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇವೆರಡರ ಪಂದ್ಯ ಏರ್ಪಾಡಾಯಿತು. ದೊಡ್ಡ ದೊಡ್ಡ ಬಾಕ್ಸಿಂಗ್ ಪಟುಗಳು, ಹಾಡುಗಾರರು ಬರುವ ಆ ಅಂಗಳದಲ್ಲಿ ಕಾಲೇಜು ಹುಡುಗಿಯರ ಮೊದಲ ಆಟ. ಸುಮಾರು 12 ಸಾವಿರ ಜನ ಟಿಕೆಟ್ಟು ಕೊಂಡು ನೋಡಿದರು. ಇಮ್ಯಾಕುಲಾಟಾ 65-61ರಲ್ಲಿ ಗೆದ್ದಿತು. ಅದಕ್ಕೂ ಒಂದು ತಿಂಗಳು ಮೊದಲು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿರುದ್ಧ ಇವರು ಆಡಿದ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ದೇಶಕ್ಕೆಲ್ಲ ತೋರಿಸಿದ್ದರು. ಹುಡುಗಿಯರ ಕಾಲೇಜು ಆಟವನ್ನು ಹಾಗೆ ತೋರಿಸಿದ್ದು ಅದೇ ಮೊದಲು.

ಇಷ್ಟು ಮೇಲೇರಿದ ಮೇಲೆ ಇಳಿಸುವವರು ಬರಲೇಬೇಕಲ್ಲ. ಬಂದರು, ದಕ್ಷಿಣದಿಂದ, ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆಯಿಂದ. ಆ ಕಾಲೇಜು ಡೆಲ್ಟಾ ಸ್ಟೇಟ್. ಅದರ ಕೋಚ್ ಮಾರ್ಗರೆಟ್ ವೇಡ್ ಅವರ ಕಥೆ ಕೇಳಿದರೆ ಕರುಳು ಚುರ್ ಅನ್ನುತ್ತದೆ. 1930ರ ದಶಕದಲ್ಲಿ ವೇಡ್ ಅದೇ ಕಾಲೇಜಿನಲ್ಲಿ ಒಳ್ಳೆಯ ಆಟಗಾರ್ತಿ. ಆದರೆ ಈ ಆಟ ಹೆಣ್ಣುಮಕ್ಕಳಿಗೆ ತೀರಾ ಆಯಾಸದ್ದು, ಅವರ ಮೈಗೆ ಸಲ್ಲದು ಎಂದು ತೀರ್ಮಾನಿಸಿ ಕಾಲೇಜಿನವರು 1933ರಲ್ಲಿ ತಂಡವನ್ನೇ ಮುಚ್ಚಿಬಿಟ್ಟರು. ಹುಡುಗಿಯರು ಅತ್ತರು. ಸಿಟ್ಟಿನಿಂದ ತಮ್ಮ ಆಟದ ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿ ಸುಟ್ಟರು. ಸರಿಯಾಗಿ ನಲವತ್ತು ವರ್ಷ ಕಳೆದ ಮೇಲೆ, 1973ರಲ್ಲಿ, ಕಾಲೇಜಿಗೆ ಜ್ಞಾನೋದಯವಾಯಿತು. ಮತ್ತೆ ತಂಡ ಕಟ್ಟಿಕೊಡಿ ಎಂದು ಕರೆದದ್ದು ವೇಡ್ ಅವರನ್ನೇ. ಆಗ ಅವರಿಗೆ ಅರವತ್ತು ದಾಟಿತ್ತು.

ಅವರಿಗೆ ಸಿಕ್ಕಿದ ರತ್ನ ಲುಸಿಯಾ ಹ್ಯಾರಿಸ್. ಆರು ಅಡಿ ಮೂರು ಅಂಗುಲದ ಕರಿಯ ಹುಡುಗಿ, ದೊಡ್ಡ ಸಂಸಾರದ ಬಡ ರೈತರ ಮಗಳು, ಹೊಲದಲ್ಲಿ ಹತ್ತಿ ಬಿಡಿಸಿದ ಕೈ. 1975ರ ಅಂತಿಮ ಪಂದ್ಯದಲ್ಲಿ ಡೆಲ್ಟಾ ಸ್ಟೇಟ್ 90-81ರಿಂದ ಇಮ್ಯಾಕುಲಾಟಾದ ಕಿರೀಟ ಕಸಿಯಿತು. 1976ರಲ್ಲೂ ಅದೇ ಎರಡು ತಂಡ, ಅದೇ ಫಲಿತಾಂಶ. 1977ರಲ್ಲೂ ಡೆಲ್ಟಾ ಸ್ಟೇಟೇ ಚಾಂಪಿಯನ್. 1976ರ ಒಲಿಂಪಿಕ್ಸಿನಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿದಾಗ ಬುಟ್ಟಿಗೆ ಬಿದ್ದ ಮೊಟ್ಟಮೊದಲ ಚೆಂಡು ಈ ಲುಸಿಯಾ ಹಾಕಿದ್ದು. ಈಕೆಯ ಮೇಲೆ ತೆಗೆದ ಕಿರುಚಿತ್ರಕ್ಕೆ 2022ರಲ್ಲಿ ಆಸ್ಕರ್ ಬಂತು. ನೋಡಲು ಆಕೆ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ಗೆದ್ದವರೂ ಹೀಗಿದ್ದರೆ ಸೋತವರ ಮೇಲೆ ಅಯ್ಯೋ ಅನ್ನಿಸುವುದಾದರೂ ಹೇಗೆ ಹೇಳಿ?

ಕಾನೂನು ಬಂತು, ಕಾಲ ತಿರುಗಿತು

ಆದರೆ ಇಮ್ಯಾಕುಲಾಟಾದ ಮುಂದಿನ ದಾರಿ ಮುಚ್ಚಿದ್ದು ಡೆಲ್ಟಾ ಸ್ಟೇಟ್ ಒಂದೇ ಅಲ್ಲ. ಈ ಸಂಗತಿಯನ್ನು ಸ್ವಲ್ಪ ತಾಳ್ಮೆಯಿಂದ ಓದಿ, ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ.

ಹುಡುಗಿಯರು ನಾರ್ಮಲ್‌ನಿಂದ ಗೆದ್ದು ಬಂದ ಮೂರು ತಿಂಗಳಿಗೆ, 1972ರ ಜೂನ್ 23ರಂದು, ಅಮೆರಿಕದಲ್ಲಿ ಒಂದು ಕಾನೂನಾಯಿತು. 'ಟೈಟಲ್ ನೈನ್' ಅನ್ನುತ್ತಾರೆ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣು ಎಂಬ ಭೇದ ಮಾಡಕೂಡದು ಎಂಬುದು ಅದರ ಸಾರ. ಆ ಕಾನೂನಿನ ಮಾತುಗಳಲ್ಲಿ ಆಟ ಎಂಬ ಶಬ್ದವೇ ಇಲ್ಲ. ಆದರೆ ಆಟವೂ ಕಾಲೇಜಿನ ಒಂದು ಭಾಗವೇ ತಾನೇ? ಹುಡುಗರಿಗೆ ಬಸ್ಸು, ಬೂಟು, ಕೋಚ್, ವಿದ್ಯಾರ್ಥಿವೇತನ ಎಲ್ಲ ಕೊಟ್ಟು ಹುಡುಗಿಯರಿಗೆ ಕೊಡದಿದ್ದರೆ ಅದು ಭೇದವೇ. ನಿಧಾನವಾಗಿ ದೊಡ್ಡ ವಿಶ್ವವಿದ್ಯಾಲಯಗಳು ಕಣ್ಣು ಬಿಟ್ಟವು.

ಸ್ವಾರಸ್ಯವೆಂದರೆ ಹುಡುಗಿಯರ ಪಂದ್ಯಾವಳಿ ನಡೆಸುತ್ತಿದ್ದ ಆ ಮಹಿಳಾ ಸಂಘವೇ ಮೊದಮೊದಲು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಕ್ಕೆ ವಿರೋಧವಾಗಿತ್ತು. ದುಡ್ಡು ಬಂದರೆ ಗಂಡಸರ ಆಟದ ಕೊಳಕೆಲ್ಲ ಇಲ್ಲಿಗೂ ಬರುತ್ತದೆ, ಓದು ಹಿಂದೆ ಬೀಳುತ್ತದೆ ಎಂಬುದು ಆ ಟೀಚರಮ್ಮಗಳ ಕಳಕಳಿ. ಅವರ ಕಳಕಳಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಬಡವರ ಮನೆಯ ಹುಡುಗಿ ಫೀಸು ಎಲ್ಲಿಂದ ತಂದಾಳು ಅನ್ನುವುದೂ ನೋಡಬೇಕಲ್ಲ? ಫ್ಲೋರಿಡಾದ ಕೆಲವು ಆಟಗಾರ್ತಿಯರೂ ಕೋಚುಗಳೂ ಕೋರ್ಟಿಗೆ ಹೋದರು. 1973ರಲ್ಲಿ ಸಂಘ ತನ್ನ ನಿಯಮ ಬದಲಿಸಿತು.

ಅಲ್ಲಿಂದ ದೊಡ್ಡವರ ಕಾಲ. ಎತ್ತರದ, ಚುರುಕಿನ ಹುಡುಗಿಯ ಮನೆಗೆ ಹೋಗಿ 'ಫೀಸು ಬೇಡ, ಊಟ ವಸತಿ ನಮ್ಮದು, ಬಾರಮ್ಮ' ಎಂದು ಕರೆಯಬಲ್ಲವರ ಮುಂದೆ ಸಿಸ್ಟರುಗಳ ಪುಟ್ಟ ಕಾಲೇಜು ಏನು ಮಾಡೀತು? ಅದು ಆ ಪೈಪೋಟಿಗೆ ಇಳಿಯಲಿಲ್ಲ. 1977ರಲ್ಲಿ ಕ್ಯಾಥಿ ರಷ್ ಬಿಟ್ಟುಹೋದರು. ಏಳು ವರ್ಷದಲ್ಲಿ ಗೆದ್ದದ್ದು 149 ಪಂದ್ಯ, ಸೋತದ್ದು ಬರೀ 15. 1978ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಲಾಸ್ ಏಂಜಲಿಸಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. 1982ರ ಹೊತ್ತಿಗೆ ಗಂಡಸರ ಕ್ರೀಡೆ ನಡೆಸುತ್ತಿದ್ದ ಸಂಸ್ಥೆಯೇ ಹುಡುಗಿಯರ ಪಂದ್ಯಾವಳಿಯನ್ನೂ ಶುರುಮಾಡಿತು. ಮಹಿಳಾ ಸಂಘ ಬಾಗಿಲು ಹಾಕಿತು. ಇಡೀ ಹೆಣ್ಣುಕುಲಕ್ಕೆ ಒಳ್ಳೆಯದಾದ ಕಾನೂನು, ಹೆಣ್ಣುಮಕ್ಕಳಿಗೆಂದೇ ಹೆಂಗಸರೇ ಕಟ್ಟಿದ ಈ ಕಾಲೇಜಿನ ರಾಜ್ಯಭಾರವನ್ನು ಮುಗಿಸಿತು. ಕಾನೂನು ಬರಬಾರದಾಗಿತ್ತು ಅಂತೀರಾ? ಖಂಡಿತ ಅಲ್ಲ. ಆದರೂ ಮನಸ್ಸಿಗೆ ಒಂದು ಕ್ಷಣ ಕಸಿವಿಸಿ ಆಗುತ್ತದೆ.

ಆ ಹುಡುಗಿಯರೇನಾದರು ಎಂದು ಕೇಳುತ್ತೀರಿ. ಟೂತ್‌ಬ್ರಷ್ ಮಾರಿದ ಕೈಗಳು ಬೇರೆ ಬೇರೆ ಕಡೆ ತಂಡ ಕಟ್ಟಿದವು. ತೆರೆಸಾ ಶಾಂಕ್ ಮದುವೆಯಾಗಿ ತೆರೆಸಾ ಗ್ರೆಂಟ್ಸ್ ಆದರು. ರಟ್ಗರ್ಸ್, ಇಲಿನಾಯ್ ವಿಶ್ವವಿದ್ಯಾಲಯಗಳಲ್ಲಿ ಕೋಚ್ ಆಗಿ, 1992ರಲ್ಲಿ ಅಮೆರಿಕದ ಒಲಿಂಪಿಕ್ ತಂಡವನ್ನೇ ನಡೆಸಿದರು. ಅವರ ಜೊತೆಗಾತಿ ಮೇರಿಯಾನ್ ಸ್ಟ್ಯಾನ್ಲಿ, ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯಕ್ಕೆ 1979, 1980, 1985ರಲ್ಲಿ ಮೂರು ಸಲ ಚಾಂಪಿಯನ್ ಪಟ್ಟ ತಂದುಕೊಟ್ಟರು. ಮುಂದೆ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದಾಗ, 1993ರಲ್ಲಿ, ಅಲ್ಲಿನ ಗಂಡಸರ ತಂಡದ ಕೋಚಿಗೆ ಕೊಡುವಷ್ಟೇ ಸಂಬಳ ನನಗೂ ಕೊಡಿ ಎಂದು ಕೇಳಿದರು. ಮಾತು ಮುರಿದು ಕೆಲಸವೂ ಹೋಯಿತು. ಕೋರ್ಟಿಗೆ ಹೋದರು. ಎರಡು ಕೆಲಸವೂ ಒಂದೇ ಅಲ್ಲ, ಗಂಡಸಿನ ಕೆಲಸದಲ್ಲಿ ಹಣ ತರುವ, ಪ್ರಚಾರ ಮಾಡುವ ಹೊಣೆ ಹೆಚ್ಚು ಎಂದು ತೀರ್ಪು ಅವರ ವಿರುದ್ಧವಾಯಿತು. ಅಡುಗೆಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ನಾವು 'ಮನೇಲೇ ಇದೀನಿ' ಅಂತ ಹೇಳಿಕೊಳ್ಳುತ್ತೇವಲ್ಲ, ಈ ತೀರ್ಪು ಓದಿದಾಗ ನನಗೆ ಅದೇ ನೆನಪಾಯಿತು. ಸ್ಟ್ಯಾನ್ಲಿ ಮಾತ್ರ ಎದೆಗುಂದಲಿಲ್ಲ. ವೃತ್ತಿಪರ ಮಹಿಳಾ ಲೀಗಿನಲ್ಲಿ ಕೋಚ್ ಆಗಿ 2002ರಲ್ಲಿ ವರ್ಷದ ಕೋಚ್ ಎನ್ನಿಸಿಕೊಂಡರು.

ದೊಡ್ಡವರ ಕಾಲದಲ್ಲೂ ಜಿದ್ದುಗಳಿಗೆ ಕೊರತೆಯಿಲ್ಲ. ಎಲ್ಲಕ್ಕಿಂತ ಹೆಸರಾದದ್ದು ಟೆನೆಸೀ ಮತ್ತು ಕನೆಕ್ಟಿಕಟ್ ವಿಶ್ವವಿದ್ಯಾಲಯಗಳದ್ದು. ಟೆನೆಸೀಯ ಪ್ಯಾಟ್ ಸಮಿಟ್ 1974ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಕೋಚ್ ಆದಾಗ ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನು ಓಡಿಸುವುದೂ ಅವರೇ, ಬಟ್ಟೆ ಒಗೆಯುವುದೂ ಅವರೇ. ಎಂಟು ಸಲ ಚಾಂಪಿಯನ್ ಆಗಿ 1,098 ಪಂದ್ಯ ಗೆದ್ದರು. ಅದಕ್ಕಿಂತ ದೊಡ್ಡ ಲೆಕ್ಕ ಒಂದುಂಟು. ಅವರಲ್ಲಿ ತನ್ನ ಅವಧಿ ಪೂರ್ತಿ ಆಡಿ ಮುಗಿಸಿದ ಒಬ್ಬಳೇ ಒಬ್ಬಳು ಹುಡುಗಿಯೂ ಡಿಗ್ರಿ ಪಡೆಯದೆ ಹೋಗಲಿಲ್ಲ. ಆಡಿದರೆ ಓದು ಕೆಡುತ್ತೆ ಅನ್ನುವ ಹಿರಿಯರು ಮನೆಯಲ್ಲಿದ್ದರೆ ಈ ಸಾಲನ್ನು ಒಮ್ಮೆ ಓದಿ ಹೇಳಿ. ಮರೆವಿನ ರೋಗ ತಗುಲಿ 2012ರಲ್ಲಿ ಹುದ್ದೆ ಬಿಟ್ಟ ಅವರು 2016ರಲ್ಲಿ, ಬರೀ 64 ವರ್ಷಕ್ಕೆ ತೀರಿಕೊಂಡರು. ಎದುರಾಳಿ ಕನೆಕ್ಟಿಕಟ್‌ನ ಜಿನೊ ಔರಿಯೆಮಾ ಇಟಲಿಯಿಂದ ಏಳನೇ ವಯಸ್ಸಿನಲ್ಲಿ ಬಂದು ಫಿಲಡೆಲ್ಫಿಯಾದ ಹತ್ತಿರದಲ್ಲೇ ಬೆಳೆದವರು. 2025ರಲ್ಲಿ ತಮ್ಮ ತಂಡಕ್ಕೆ ಹನ್ನೆರಡನೇ ಪಟ್ಟ ತಂದರು. ಅಂತಿಮದಲ್ಲಿ ಅವರ ತಂಡ ಸೋಲಿಸಿದ ಸೌತ್ ಕ್ಯಾರೊಲಿನಾದ ಕೋಚ್ ಡಾನ್ ಸ್ಟೇಲಿ ಕೂಡ ಫಿಲಡೆಲ್ಫಿಯಾದ ಬೀದಿಯ ಹುಡುಗಿಯೇ! ಆ ಊರಿನ ನೀರಿನಲ್ಲೇ ಏನೋ ಇರಬೇಕು. ಇದೇ ಸೌತ್ ಕ್ಯಾರೊಲಿನಾ 2024ರಲ್ಲಿ ಅಯೋವಾ ತಂಡವನ್ನು ಸೋಲಿಸಿದ ಅಂತಿಮ ಪಂದ್ಯವನ್ನು ಅಮೆರಿಕದಲ್ಲಿ ಟೀವಿಯಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ. ಆ ವರ್ಷ ಗಂಡಸರ ಅಂತಿಮ ಪಂದ್ಯಕ್ಕೂ ಅಷ್ಟು ಜನ ಇರಲಿಲ್ಲ.

ಇಮ್ಯಾಕುಲಾಟಾ ಮತ್ತೆಂದೂ ಆ ಎತ್ತರಕ್ಕೆ ಹೋಗಲಿಲ್ಲ. ಕ್ಯಾಥಿ ರಷ್ ಅವರಿಗೆ 2008ರಲ್ಲಿ, ಆ ಇಡೀ ತಂಡಕ್ಕೆ 2014ರಲ್ಲಿ, ತೆರೆಸಾ ಮತ್ತು ಮೇರಿಯಾನ್ ಇಬ್ಬರಿಗೂ 2022ರಲ್ಲಿ, ಆಟ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನ ಗೌರವ ಮಂದಿರದಲ್ಲಿ ಸ್ಥಾನ ಸಿಕ್ಕಿದೆ. 2011ರಲ್ಲಿ ಇವರ ಕಥೆ ಸಿನಿಮಾ ಆಗಿಯೂ ಬಂತು. ಕಾಲೇಜು ವಿಶ್ವವಿದ್ಯಾಲಯವಾಗಿದೆ. 2005ರಿಂದ ಗಂಡುಹುಡುಗರಿಗೂ ಬಾಗಿಲು ತೆರೆದಿದೆ. ಹುಡುಗಿಯರ ತಂಡ ಈಗಲೂ ಆಡುತ್ತದೆ, ಆದರೆ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದ ಮೂರನೇ ದರ್ಜೆಯ ಪಂಗಡದಲ್ಲಿ. ವೆಸ್ಟ್ ಚೆಸ್ಟರ್ ಇರುವುದು ಎರಡನೇ ದರ್ಜೆಯಲ್ಲಿ. ಒಂದೇ ಜಿಲ್ಲೆಯ ಆ ಎರಡು ಕಾಲೇಜುಗಳು ಈಗ ರಾಷ್ಟ್ರೀಯ ಪಟ್ಟಕ್ಕಾಗಿ ಎದುರುಬದುರಾಗುವ ಹಾಗೇ ಇಲ್ಲ.